ದಣಿವಿಲ್ಲದಿದ್ದರೂ ಶಿಬಿರದಲ್ಲಿ ಮಲಗಿ
2023ರ ‘ಬಾಲ್ಡರ್ಸ್ ಗೇಟ್ 3’ ವಿಡಿಯೊ ಆಟದಲ್ಲಿ ಜೊತೆಗಾರ ಪಾತ್ರಗಳೊಂದಿಗಿನ ಪ್ರಣಯ ಮುಂದೆ ಸಾಗದೆ ನಿಂತಂತೆ ಕಂಡರೆ, ದಣಿವಿಲ್ಲದಿದ್ದರೂ ಶಿಬಿರಕ್ಕೆ ಹೋಗಿ, ಆಹಾರ ಸಾಮಗ್ರಿ ಒಂದನ್ನೂ ಆರಿಸದೆ ‘ಲಾಂಗ್ ರೆಸ್ಟ್’ (ರಾತ್ರಿಯಿಡೀ ಮಲಗುವ ವಿಶ್ರಾಂತಿ) ತೆಗೆದುಕೊಳ್ಳಿ. ಆಸ್ಟೇರಿಯನ್, ಶ್ಯಾಡೋಹಾರ್ಟ್ ಮೊದಲಾದ ಜೊತೆಗಾರರು ಮನಸ್ಸು ಬಿಚ್ಚಿ ಮಾತನಾಡುವ ದೃಶ್ಯಗಳಲ್ಲಿ ಹೆಚ್ಚಿನವು ರಾತ್ರಿಯ ವಿಶ್ರಾಂತಿಗೇ ಜೋಡಣೆಯಾಗಿದ್ದು, ಒಂದರ ಹಿಂದೆ ಒಂದು ಸರದಿಯಲ್ಲಿ ಕಾಯುತ್ತವೆ. ಅಪರೂಪಕ್ಕೆ ಮಲಗಿ ಮುಂದಿನ ಅಂಕಕ್ಕೆ ದಾಟಿಬಿಟ್ಟರೆ ಕೆಲವು ಮತ್ತೆಂದೂ ಸಿಗುವುದಿಲ್ಲ, ಆಟದ ಅತ್ಯಂತ ಸೂಕ್ಷ್ಮವಾದ ಬರವಣಿಗೆ ಇರುವುದೇ ಅಲ್ಲಿ. ಆಟದ ಕಷ್ಟ ಸಾಧಾರಣ ಮಟ್ಟದಲ್ಲಿದ್ದರೆ ಪೂರ್ಣ ವಿಶ್ರಾಂತಿಗೆ 40 ಸಾಮಗ್ರಿ ಖರ್ಚಾಗುತ್ತದೆ. ಏನೂ ಕೊಡದೆ ಮಲಗಿದರೆ ಚೈತನ್ಯ ಪೂರ್ತಿ ಮರಳದಿದ್ದರೂ ದೃಶ್ಯ ತೆರೆದುಕೊಳ್ಳುತ್ತದೆ. ಮಲಗುವ ಮೊದಲು ಯಾರ ತಲೆಯ ಮೇಲಾದರೂ ಆಶ್ಚರ್ಯಸೂಚಕ ಚಿಹ್ನೆ ಇದ್ದರೆ ಅವರನ್ನು ಮಾತನಾಡಿಸಿ. ಜೊತೆಗಾರರ ಮೆಚ್ಚುಗೆಯೇ ಕಡಿಮೆಯಿದ್ದರೆ ಎಷ್ಟು ರಾತ್ರಿ ಕಳೆದರೂ ಪ್ರಯೋಜನವಿಲ್ಲ. ಉರಿಯುತ್ತಿರುವ ವಾಕೀನ್ಸ್ ರೆಸ್ಟ್ ಛತ್ರದಂತಹ ತುರ್ತು ಸನ್ನಿವೇಶವನ್ನು ನಡುವೆ ಬಿಟ್ಟು ಮಲಗಿದರೆ ಒಳಗಿರುವವರು ಸಾಯುತ್ತಾರೆ, ಅದನ್ನು ಮುಗಿಸಿಯೇ ಮಲಗಬೇಕು. ನಮ್ಮ ಕೊಡಗಿನ ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು. ಆದ್ದರಿಂದ ದೃಶ್ಯ ಮುಗಿದ ಕೂಡಲೇ ಸೇವ್ ಮಾಡಿಕೊಳ್ಳಿ.