ಆಫೀಸಿನಿಂದ ಬಂದ ಮೇಲಿನ ಅಡುಗೆ: ನಮ್ಮ ಮನೆಯ ರಾತ್ರಿ ಊಟದ ಲೆಕ್ಕ

ರಾತ್ರಿ ಅಡುಗೆಯಲ್ಲಿ ಹೆಚ್ಚು ಹೊತ್ತು ಹೋಗುವುದು "ಏನು ಮಾಡೋದು" ಅನ್ನುವ ಯೋಚನೆಗೆ. ಒಲೆ ಹಚ್ಚಿದ ಮೇಲೆ ಮುಕ್ಕಾಲು ಗಂಟೆಯೊಳಗೆ ಅಡುಗೆ ಆಗಿಯೇ ಆಗುತ್ತದೆ. ಆದರೆ ಏಳೂವರೆಗೆ ಮನೆ ಸೇರಿ, ಫ್ರಿಜ್ ಬಾಗಿಲು ತೆಗೆದು ನಿಂತರೆ ತಲೆಯೇ ಓಡುವುದಿಲ್ಲ. ಮಕ್ಕಳಿಗೆ ಹಸಿವು, ನಮಗೆ ಸುಸ್ತು. ಕೈ ತಾನಾಗಿಯೇ ಫೋನಿನ ಕಡೆ ಹೋಗುತ್ತದೆ, ಹೊರಗಿನಿಂದ ತರಿಸೋಣ ಅನ್ನಿಸುತ್ತದೆ. ಹಾಗಾಗಿ ನಾನು ಮೊದಲು ಮಾಡಿದ್ದು ಇಷ್ಟೇ: ಆ ಯೋಚನೆಯನ್ನು ಸಂಜೆಯಿಂದ ತೆಗೆದು ಹಾಕಿದೆ.

ನಮ್ಮ ಮನೆ ಬೆಂಗಳೂರಿನ ವಿಜಯನಗರದಲ್ಲಿ, ನನ್ನ ಆಫೀಸು ವೈಟ್‌ಫೀಲ್ಡ್‌ನಲ್ಲಿ. 2023ರ ಅಕ್ಟೋಬರಿನಲ್ಲಿ ಮೆಟ್ರೋದ ನೇರಳೆ ಮಾರ್ಗ ಪೂರ್ತಿ ಶುರುವಾದ ಮೇಲೆ ಟ್ರಾಫಿಕ್ ಕಾಟ ತಪ್ಪಿತು. ಆದರೂ ಹೋಗಲು ಒಂದು ಗಂಟೆಯ ಮೇಲೆ, ಬರಲು ಒಂದು ಗಂಟೆಯ ಮೇಲೆ ಬೇಕು. ನಮ್ಮ ಮನೆಯವರು ನನಗಿಂತ ಸ್ವಲ್ಪ ಮುಂಚೆ ಬರುತ್ತಾರೆ. ಮಕ್ಕಳು ಇಬ್ಬರು. ರಾತ್ರಿ ಎಂಟೂವರೆಯೊಳಗೆ ಊಟ ಆಗಲೇಬೇಕು, ಇಲ್ಲದಿದ್ದರೆ ಚಿಕ್ಕವನು ತಟ್ಟೆ ಮುಂದೆಯೇ ತೂಕಡಿಸುತ್ತಾನೆ.

ವಾರದ ದಿನಗಳಿಗೆ ನಾನು ಅಡುಗೆಯ ಹೆಸರು ಬರೆದಿಟ್ಟಿಲ್ಲ, ಜಾತಿ ಮಾತ್ರ ಗೊತ್ತು ಮಾಡಿದ್ದೇನೆ. ಸೋಮವಾರ ಕಾಳು-ಸೊಪ್ಪು. ಮಂಗಳವಾರ ಬೇಳೆ. ಬುಧವಾರ ದೋಸೆ ಹಿಟ್ಟು. ಗುರುವಾರ ಕಲಸಿದ ಅನ್ನ. ಶುಕ್ರವಾರ ರವೆ ಅಥವಾ ರೊಟ್ಟಿ. ಬೇಳೆಯ ದಿನ ಅಂದರೆ ಟೊಮೆಟೊ ಸಾರೂ ಆಗಬಹುದು, ನುಗ್ಗೆಕಾಯಿ ಹುಳಿಯೂ ಆಗಬಹುದು. ಮನೆಯಲ್ಲಿ ಯಾವ ತರಕಾರಿ ಇದೆಯೋ ಅದೇ ತೀರ್ಮಾನ ಮಾಡುತ್ತದೆ. ಹೆಸರು ಬರೆದಿಟ್ಟರೆ ಆ ಒಂದು ತರಕಾರಿ ಸಿಗಲಿಲ್ಲ ಅಂತ ಇಡೀ ಪಟ್ಟಿ ಬಿದ್ದುಹೋಗುತ್ತದೆ. ಜಾತಿ ಗೊತ್ತಿದ್ದರೆ ಬೆಳಿಗ್ಗೆ ಏನು ನೆನೆಹಾಕಬೇಕು ಅನ್ನುವುದು ಮಾತ್ರ ನೆನಪಿದ್ದರೆ ಸಾಕು.

ವಾರದ ಅಡುಗೆಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಸೋಮವಾರದ್ದು, ಉಪ್ಪುಸಾರು ಮತ್ತು ಮುದ್ದೆ. ಇದನ್ನು ಕಲಿಸಿದ್ದು ನಮ್ಮ ಅತ್ತೆ. ಅವರು ಮದ್ದೂರಿನ ಕಡೆಯವರು. ಮಂಡ್ಯ, ಮೈಸೂರು ಕಡೆ ಹೊಲದಿಂದ ಬಂದವರು ಮಾಡಿಕೊಳ್ಳುತ್ತಿದ್ದ ಅಡುಗೆ ಇದು. ದಿನವಿಡೀ ದುಡಿದು ಬಂದವರಿಗೆ ಏನು ಬೇಕು ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಒಂದೇ ಪಾತ್ರೆಯಲ್ಲಿ ಬೇಯಿಸಿದರೆ ಸಾರೂ ಆಯಿತು, ಪಲ್ಯವೂ ಆಯಿತು.

ನಾನು ಮಾಡುವುದು ಹೀಗೆ. ಬೆಳಿಗ್ಗೆ ಒಂದು ಲೋಟ ಅಲಸಂದೆ ಕಾಳನ್ನೋ ಹೆಸರುಕಾಳನ್ನೋ ನೆನೆಹಾಕಿ ಹೋಗುತ್ತೇನೆ. ಸಂಜೆ ಬಂದ ತಕ್ಷಣ ಕೈಕಾಲು ತೊಳೆಯುವ ಮೊದಲೇ ಕಾಳನ್ನು ನಾಲ್ಕೈದು ಲೋಟ ನೀರಿನ ಜೊತೆ ಕುಕ್ಕರಿಗೆ ಹಾಕಿ ಇಡುತ್ತೇನೆ. ಹೆಸರುಕಾಳಿಗೆ ಒಂದು ಕೂಗು, ಅಲಸಂದೆಗೆ ಎರಡು. ಅದಕ್ಕಿಂತ ಜಾಸ್ತಿ ಕೂಗಿಸಬಾರದು. ಕಾಳು ಒಡೆದು ಕರಗಿದರೆ ಕಟ್ಟು, ಅಂದರೆ ಕಾಳು ಬೆಂದ ನೀರು, ಮಂದವಾಗಿ ಸಾರಿನ ರುಚಿಯೇ ಬದಲಾಗುತ್ತದೆ. ಕುಕ್ಕರ್ ಇಳಿದ ಮೇಲೆ ಮುಚ್ಚಳ ತೆಗೆದು, ಹೆಚ್ಚಿದ ದಂಟಿನ ಸೊಪ್ಪನ್ನೋ ಸಬ್ಬಸಿಗೆಯನ್ನೋ ಹಾಕಿ, ಉಪ್ಪು ಹಾಕಿ, ಮುಚ್ಚಳ ಇಲ್ಲದೆ ಐದಾರು ನಿಮಿಷ ಕುದಿಸುತ್ತೇನೆ. ಆಮೇಲೆ ಬಸಿಯುವುದು. ಕೆಳಗೆ ಬಂದ ಕಟ್ಟೇ ಸಾರು. ಮೇಲೆ ಉಳಿದ ಕಾಳು-ಸೊಪ್ಪಿಗೆ ಈರುಳ್ಳಿ, ಬ್ಯಾಡಗಿ ಮೆಣಸಿನಕಾಯಿ, ಕರಿಬೇವಿನ ಒಗ್ಗರಣೆ ಕೊಟ್ಟು, ಮೇಲೆ ಒಂದು ಹಿಡಿ ಕಾಯಿತುರಿ ಉದುರಿಸಿದರೆ ಪಲ್ಯ.

ಇನ್ನು ಖಾರ. ಒಣ ಮೆಣಸಿನಕಾಯಿಯನ್ನು ಒಂದು ಚಮಚ ಎಣ್ಣೆಯಲ್ಲಿ ಉಬ್ಬುವ ತನಕ ಹುರಿದು, ಅಷ್ಟೇ ಎಸಳು ಬೆಳ್ಳುಳ್ಳಿ, ಅರ್ಧ ಚಮಚ ಮೆಣಸು, ಅರ್ಧ ಚಮಚ ಜೀರಿಗೆ, ಗೋಲಿ ಗಾತ್ರದ ಹುಣಸೆಹಣ್ಣು, ಉಪ್ಪು ಸೇರಿಸಿ ಗಟ್ಟಿಯಾಗಿ ರುಬ್ಬಬೇಕು. ಒಂದು ಸಲ ರುಬ್ಬಿ ಗಾಜಿನ ಬಾಟಲಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಟ್ಟರೆ ವಾರ ಬರುತ್ತದೆ. ಇದನ್ನು ಸಾರಿಗೆ ಕಲಸುವುದಿಲ್ಲ. ತಟ್ಟೆಯ ಪಕ್ಕದಲ್ಲಿ ಬಡಿಸಿಕೊಂಡು, ಬೇಕಾದಷ್ಟು ಕಟ್ಟಿಗೆ ಕಲಸಿಕೊಳ್ಳುವುದು. ಮಕ್ಕಳಿರುವ ಮನೆಗೆ ಇದಕ್ಕಿಂತ ಒಳ್ಳೆಯ ಏರ್ಪಾಡಿಲ್ಲ ಅನ್ನುತ್ತೇನೆ. ಚಿಕ್ಕವನು ಉಗುರು ತುದಿಯಷ್ಟು ತೆಗೆದುಕೊಳ್ಳುತ್ತಾನೆ, ಅವರಪ್ಪ ದೊಡ್ಡ ಉಂಡೆ. ಮಕ್ಕಳಿಗೆ ಬೇರೆ, ದೊಡ್ಡವರಿಗೆ ಬೇರೆ ಅಂತ ಎರಡು ಅಡುಗೆ ಮಾಡುವ ಕೆಲಸವೇ ಇಲ್ಲ.

ಕಟ್ಟು ಜಾಸ್ತಿ ಉಳಿದರೆ ಅದು ಮಾರನೇ ದಿನದ ಬಸ್ಸಾರು. ಒಂದು ಹಿಡಿ ಬೆಂದ ಕಾಳು-ಸೊಪ್ಪು, ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಕಾಯಿ, ಸಾರಿನ ಪುಡಿ, ಹುಣಸೆಹಣ್ಣು ರುಬ್ಬಿ ಕಟ್ಟಿಗೆ ಹಾಕಿ ಕುದಿಸಿ ಒಗ್ಗರಣೆ ಕೊಟ್ಟರೆ ಆಯಿತು. ಆಗ ಮಂಗಳವಾರ ಬೇಳೆ ಬೇಯಿಸುವುದೂ ಉಳಿಯಿತು.

ಮುದ್ದೆ ಅಂದರೆ ಎಷ್ಟೋ ಜನ ಕೆಲಸ ಮಾಡುವ ಹೆಂಗಸರು ಹೆದರುತ್ತಾರೆ. ಚಪಾತಿಗೆ ಹೋಲಿಸಿ ನೋಡಿ. ಚಪಾತಿಗೆ ನಾದಬೇಕು, ನೆನೆಯಲು ಬಿಡಬೇಕು, ಒಂದೊಂದೇ ಲಟ್ಟಿಸಬೇಕು, ಒಂದೊಂದೇ ಬೇಯಿಸಬೇಕು. ನಾಲ್ಕು ಜನಕ್ಕೆ ಅಂದರೆ ಒಲೆ ಮುಂದೆ ಅರ್ಧ ಗಂಟೆ ನಿಲ್ಲಬೇಕು. ಮುದ್ದೆಗೆ ಒಟ್ಟು ಇಪ್ಪತ್ತು ನಿಮಿಷ, ಅದರಲ್ಲೂ ಅರ್ಧ ಹೊತ್ತು ಅದರಷ್ಟಕ್ಕೆ ಬೇಯುತ್ತಿರುತ್ತದೆ. ನಮ್ಮ ಮನೆಯಲ್ಲಿ ಮುದ್ದೆ ತೊಳಸುವುದು ನಮ್ಮ ಮನೆಯವರ ಕೆಲಸ. ಅದಕ್ಕೆ ತೋಳಿನಲ್ಲಿ ಶಕ್ತಿ ಬೇಕು, ಅವರಿಗೆ ಅಮ್ಮನ ಕೈಯ ಪಾಠವೂ ಆಗಿದೆ.

ಒಂದು ಲೋಟ ಹಿಟ್ಟಿಗೆ ಸುಮಾರು ಎರಡು ಲೋಟ ನೀರು. ಹಿಟ್ಟು ಹಳೆಯದಾದರೆ ಸ್ವಲ್ಪ ಜಾಸ್ತಿ ಹಿಡಿಯುತ್ತದೆ. ಎಸರು ಇಟ್ಟು, ಎರಡು ಚಮಚ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಅದಕ್ಕೆ ಹಾಕಬೇಕು. ಅದು ಕುದಿದು ಅಂಬಲಿಯ ಹಾಗೆ ಆದಾಗ ಉಳಿದ ಹಿಟ್ಟನ್ನೆಲ್ಲ ನಡುವೆ ಗುಡ್ಡೆಯಾಗಿ ಸುರಿಯಬೇಕು. ಈಗ ಕಲಕಬಾರದು. ಕೋಲಿನಿಂದ ನಡುವೆ ಒಂದು ತೂತು ಮಾಡಿ, ಉರಿ ಸಣ್ಣ ಮಾಡಿ, ಅರೆ ಮುಚ್ಚಿ ಬಿಡಬೇಕು. ಎಸರು ಆ ತೂತಿನಿಂದ ಮೇಲೆ ಉಕ್ಕಿ ಹಿಟ್ಟನ್ನು ಬೇಯಿಸುತ್ತದೆ. ಐದಾರು ನಿಮಿಷ ಆದ ಮೇಲೆ ಪಾತ್ರೆಯನ್ನು ಗಟ್ಟಿಯಾಗಿ ಹಿಡಿದು, ಕೋಲಿನಿಂದ ಪಾತ್ರೆಯ ಗೋಡೆಗೆ ಒತ್ತಿ ಒತ್ತಿ ತೊಳಸಬೇಕು. ಗಂಟಿಲ್ಲದ ಹಾಗೆ ಆದ ಮೇಲೆ ಇನ್ನೆರಡು ನಿಮಿಷ ಮುಚ್ಚಿಟ್ಟು ಮತ್ತೊಮ್ಮೆ ತೊಳಸುವುದು. ಒದ್ದೆ ಬೆರಳಿನಿಂದ ಮುಟ್ಟಿದರೆ ಅಂಟಬಾರದು. "ಹಿಟ್ಟು ಬೇಯದೆ ಇಳಿಸಬೇಡಿ ಕಣಪ್ಪ, ಹೊಟ್ಟೆಗೆ ಆಗಲ್ಲ" ಅಂತ ಅತ್ತೆ ಈಗಲೂ ಫೋನಿನಲ್ಲಿ ಮಗನಿಗೆ ಹೇಳುತ್ತಿರುತ್ತಾರೆ. ನಮ್ಮ ಮನೆಯವರು ಮುದ್ದೆ ತೊಳಸುವಷ್ಟರಲ್ಲಿ ನನ್ನ ಪಲ್ಯದ ಒಗ್ಗರಣೆ ಆಗಿರುತ್ತದೆ.

ಬೇಳೆಯ ದಿನ ಕುಕ್ಕರಿನ ಡಬ್ಬಿಗಳನ್ನು ಪೂರ್ತಿ ಬಳಸುತ್ತೇನೆ. ಕೆಳಗಿನ ಡಬ್ಬಿಯಲ್ಲಿ ಬೇಳೆ, ನಡುವೆ ಅಕ್ಕಿ, ಮೇಲೆ ಬೀಟ್‌ರೂಟ್ ಅಥವಾ ಆಲೂಗಡ್ಡೆ. ತೊಗರಿಬೇಳೆ ನೆನೆದಿದ್ದರೆ ಅಕ್ಕಿಯ ಜೊತೆಗೇ ಬೆಂದುಬಿಡುತ್ತದೆ. ನೆನೆಯದಿದ್ದರೆ ಅನ್ನ ಮುದ್ದೆಯಾದರೂ ಬೇಳೆ ಗಟ್ಟಿಯಾಗಿಯೇ ಇರುತ್ತದೆ. ಬೇಸಿಗೆಯಲ್ಲಿ ಬೆಳಿಗ್ಗೆ ನೆನೆಹಾಕಿದ ಬೇಳೆ ಸಂಜೆಗೆ ವಾಸನೆ ಬರುತ್ತದೆ, ಹಾಗಾಗಿ ಮಾರ್ಚ್‌ನಿಂದ ಮೇವರೆಗೆ ಫ್ರಿಜ್ಜಿನಲ್ಲೇ ನೆನೆಯಲು ಇಡುತ್ತೇನೆ. ಮರೆತ ದಿನಕ್ಕೆ ಹೆಸರುಬೇಳೆ ಇದ್ದೇ ಇದೆ. ಅದಕ್ಕೆ ನೆನೆಸುವುದೂ ಬೇಡ, ಕುಕ್ಕರೂ ಬೇಡ. ಪಾತ್ರೆಯಲ್ಲಿ ಇಪ್ಪತ್ತು ನಿಮಿಷಕ್ಕೆ ಬೇಯುತ್ತದೆ. ಹಸಿಮೆಣಸಿನಕಾಯಿ, ಶುಂಠಿ, ಇಂಗಿನ ಒಗ್ಗರಣೆ ಹಾಕಿ ನಿಂಬೆಹಣ್ಣು ಹಿಂಡಿದರೆ ತೊವ್ವೆ. ಬಿಸಿ ಅನ್ನ, ತುಪ್ಪ, ತೊವ್ವೆ, ಒಂದು ಹಪ್ಪಳ. ಇದು ಹಬ್ಬದ ಎಲೆಗೂ ಬಡಿಸುವ ಅಡುಗೆ. ವಾರದ ದಿನ ಮಾಡಿದರೆ ಕಡಿಮೆ ಹೇಗಾಗುತ್ತದೆ ಹೇಳಿ?

ಇಲ್ಲಿ ಒಂದು ಮಾತು ಹೇಳಲೇಬೇಕು. ರಾತ್ರಿಗೆ ಸಾರು, ಪಲ್ಯ, ಕೋಸಂಬರಿ, ಚಪಾತಿ, ಅನ್ನ ಎಲ್ಲವೂ ಇರಬೇಕು ಅನ್ನುವ ನಿರೀಕ್ಷೆ ಎಷ್ಟೋ ಮನೆಗಳಲ್ಲಿ ಹೆಂಗಸಿನ ಮೇಲೆಯೇ ಬೀಳುತ್ತದೆ. ಇಬ್ಬರೂ ದುಡಿಯುವ ಮನೆಯಲ್ಲಿ ಅದು ನ್ಯಾಯವಲ್ಲ. ಒಂದು ಅಡುಗೆ ಬಿಸಿಯಾಗಿ, ರುಚಿಯಾಗಿ, ಎಲ್ಲರಿಗೂ ಸಾಕಾಗುವಷ್ಟು ಇರಲಿ. ಜೊತೆಗೆ ಮೊಸರು ಮತ್ತು ಹಸಿ ತರಕಾರಿ. ನಮ್ಮ ಮಗಳು ಎಂಟನೇ ಕ್ಲಾಸು, ಸೌತೆಕಾಯಿ ಹೆಚ್ಚುವುದು, ಬೆಳ್ಳುಳ್ಳಿ ಬಿಡಿಸುವುದು ಅವಳದ್ದು. ಚಿಕ್ಕವನು ತಟ್ಟೆ, ನೀರು ಇಡುತ್ತಾನೆ.

ದೋಸೆ ಹಿಟ್ಟು ಭಾನುವಾರ ಮಧ್ಯಾಹ್ನ ರುಬ್ಬುವುದು. ಮೂರು ಲೋಟ ಅಕ್ಕಿಗೆ ಒಂದು ಲೋಟ ಉದ್ದಿನಬೇಳೆ, ಒಂದು ಚಮಚ ಮೆಂತ್ಯ, ಒಂದು ಹಿಡಿ ಅವಲಕ್ಕಿ. ರಾತ್ರಿಯೆಲ್ಲ ಹೊರಗೆ ಬಿಟ್ಟು ಉಬ್ಬಿದ ಮೇಲೆ ಫ್ರಿಜ್ಜಿಗೆ. ಡಿಸೆಂಬರ್-ಜನವರಿಯ ಬೆಂಗಳೂರಿನ ಚಳಿಗೆ ಹಿಟ್ಟು ಬೇಗ ಹುಳಿ ಬರುವುದಿಲ್ಲ, ಆಗ ಪಾತ್ರೆಗೆ ದಪ್ಪ ಟವೆಲ್ ಸುತ್ತಿ ಇಡುತ್ತೇನೆ. ಬುಧವಾರಕ್ಕೆ ದೋಸೆ. ಉಳಿದದ್ದು ಹುಳಿ ಜಾಸ್ತಿಯಾಗಿದ್ದರೆ ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಹಾಕಿ ಪಡ್ಡು. ಹುಳಿ ಹಿಟ್ಟಿಗೇ ಪಡ್ಡು ಚೆನ್ನಾಗಿ ಬರುವುದು.

ಗುರುವಾರ ಕಲಸಿದ ಅನ್ನ. ಪುಳಿಯೋಗರೆ ಗೊಜ್ಜನ್ನು ತಿಂಗಳಿಗೊಮ್ಮೆ ಮಾಡಿಡುತ್ತೇನೆ. ಹುಣಸೆ ರಸ, ಬೆಲ್ಲ, ಸಾರಿನ ಪುಡಿ, ಹುರಿದ ಎಳ್ಳು, ಕೊಬ್ಬರಿ, ಎಣ್ಣೆ ಮೇಲೆ ತೇಲುವ ತನಕ ಕುದಿಸುವುದು. ಒದ್ದೆ ಚಮಚ ಹಾಕದಿದ್ದರೆ ಫ್ರಿಜ್ಜಿನಲ್ಲಿ ಕೆಡುವುದಿಲ್ಲ. ಗೊಜ್ಜು ಮುಗಿದಿದ್ದರೆ ಚಿತ್ರಾನ್ನ. ಏಪ್ರಿಲ್‌ನಲ್ಲಿ ನಿಂಬೆಹಣ್ಣಿನ ಬದಲು ಮಾವಿನಕಾಯಿ ತುರಿದು ಹಾಕಿದರೆ ಮಕ್ಕಳು ಎರಡನೇ ಸಲ ಬಡಿಸಿಕೊಳ್ಳುತ್ತಾರೆ. ಬರೀ ಅನ್ನ ಆಗಬಾರದು ಅಂತ ನೆನೆಸಿದ ಹೆಸರುಬೇಳೆಯ ಕೋಸಂಬರಿ ಜೊತೆಗಿರುತ್ತದೆ. ಬೇಳೆಯನ್ನು ಅರ್ಧ ಗಂಟೆ ನೆನೆಸಿದರೆ ಸಾಕು, ಒಲೆಯೇ ಬೇಡ.

ಈ ದಿನದ ಅನ್ನವನ್ನು ಬುಧವಾರ ರಾತ್ರಿಯೇ ಮಾಡಿಟ್ಟುಕೊಳ್ಳುವವರಿದ್ದಾರೆ. ಉದುರುದುರಾಗಿ ಇರುತ್ತದೆ ನಿಜ. ಆದರೆ ಅನ್ನ ಆದ ಒಂದು ಗಂಟೆಯೊಳಗೆ ಅಗಲ ತಟ್ಟೆಯಲ್ಲಿ ಹರಡಿ ಆರಿಸಿ ಫ್ರಿಜ್ಜಿಗೆ ಇಡಬೇಕು. ರಾತ್ರಿಯೆಲ್ಲ ಹೊರಗೇ ಬಿಟ್ಟ ಅನ್ನದಲ್ಲಿ ಬ್ಯಾಕ್ಟೀರಿಯಾ ಬೆಳೆದು ವಿಷ ಬಿಡಬಹುದು, ಮತ್ತೆ ಬಿಸಿ ಮಾಡಿದರೂ ಅದು ಹೋಗುವುದಿಲ್ಲ. ಮಕ್ಕಳಿರುವ ಮನೆಯಲ್ಲಿ ಇದರ ಬಗ್ಗೆ ಉದಾಸೀನ ಬೇಡ.

ಶುಕ್ರವಾರದ ರವೆಯನ್ನು ಭಾನುವಾರವೇ ಘಮ್ ಅನ್ನುವ ಹಾಗೆ ಹುರಿದು ಡಬ್ಬಿಗೆ ತುಂಬಿರುತ್ತೇನೆ. ಹುರಿದಿಟ್ಟ ರವೆ ಇದ್ದರೆ ತರಕಾರಿ ಉಪ್ಪಿಟ್ಟಿಗೆ ಹದಿನೈದು ನಿಮಿಷ. ಅದೇ ರವೆಗೆ ಮೊಸರು, ಸಾಸಿವೆ-ಕಡಲೆಬೇಳೆ-ಗೋಡಂಬಿ ಒಗ್ಗರಣೆ, ಕ್ಯಾರೆಟ್ ತುರಿ, ಚಿಟಿಕೆ ಸೋಡಾ ಸೇರಿಸಿದರೆ ರವೆ ಇಡ್ಲಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಕಷ್ಟವಾದಾಗ ನಮ್ಮ ಬೆಂಗಳೂರಿನ ಎಂಟಿಆರ್ ಹೋಟೆಲಿನವರು ಇದನ್ನು ಶುರು ಮಾಡಿದರು ಅನ್ನುತ್ತಾರೆ. ರುಬ್ಬುವ ಕೆಲಸವಿಲ್ಲ, ಹುಳಿ ಬರಲಿ ಅಂತ ಕಾಯುವ ಕೆಲಸವೂ ಇಲ್ಲ. ಅಕ್ಕಿರೊಟ್ಟಿ ಮಾತ್ರ ಇಬ್ಬರೂ ಬೇಗ ಬಂದ ದಿನಕ್ಕೆ. ಎರಡು ಬಾಂಡ್ಲಿ ಇಟ್ಟುಕೊಂಡು, ಒಂದು ಒಲೆಯ ಮೇಲಿರುವಾಗ ಇನ್ನೊಂದನ್ನು ನೀರಿನಲ್ಲಿ ತಣ್ಣಗೆ ಮಾಡಿ ತಟ್ಟುತ್ತಾ ಹೋದರೆ ಕೈಯೂ ಸುಡುವುದಿಲ್ಲ, ಹೊತ್ತೂ ಉಳಿಯುತ್ತದೆ.

ಭಾನುವಾರದ ಕೆಲಸ ಒಂದೂವರೆ ಗಂಟೆಗಿಂತ ಜಾಸ್ತಿ ಇಲ್ಲ. ಹಾಪ್‌ಕಾಮ್ಸ್ ತರಕಾರಿ ಅಂಗಡಿಯಿಂದ ಸೊಪ್ಪು ತಂದು, ಬಿಡಿಸಿ, ತೊಳೆಯದೆ ಹಳೆಯ ಕಾಟನ್ ಬಟ್ಟೆಯಲ್ಲಿ ಸುತ್ತಿಡುವುದು. ತೊಳೆದಿಟ್ಟರೆ ಎರಡು ದಿನಕ್ಕೇ ಕೊಳೆಯುತ್ತದೆ. ಎರಡು ತೆಂಗಿನಕಾಯಿ ತುರಿದು ಸಣ್ಣ ಡಬ್ಬಿಗಳಲ್ಲಿ ಫ್ರೀಜರಿಗೆ. ಖಾರ ರುಬ್ಬುವುದು, ರವೆ ಹುರಿಯುವುದು, ದೋಸೆ ಹಿಟ್ಟು. ತರಕಾರಿಯನ್ನೆಲ್ಲ ಹೆಚ್ಚಿಡುವ ಪದ್ಧತಿ ನನಗೆ ಒಗ್ಗಲಿಲ್ಲ. ಹೆಚ್ಚಿಟ್ಟ ಬೀನ್ಸ್ ಮೂರನೇ ದಿನಕ್ಕೆ ಬಾಡಿ ರುಚಿ ಕಳೆದುಕೊಳ್ಳುತ್ತದೆ, ಸಂಜೆ ಹೆಚ್ಚಲು ಐದು ನಿಮಿಷ ಸಾಕು.

ಜನವರಿ ಬಂದರೆ ಈ ಪಟ್ಟಿಗೆಲ್ಲ ಸ್ವಲ್ಪ ರಜೆ, ಎಲ್ಲ ದಿನವೂ ಅವರೆಕಾಯಿಯ ದಿನವೇ. ಸೊನೆ ಇರುವ ಕಾಯಿ ನೋಡಿ ಐದಾರು ಕೆಜಿ ತಂದು, ಭಾನುವಾರ ಟಿವಿ ಮುಂದೆ ನಾಲ್ಕೂ ಜನ ಕೂತು ಸುಲಿಯುತ್ತೇವೆ. ಅರ್ಧ ಆ ವಾರಕ್ಕೆ. ಉಳಿದರ್ಧವನ್ನು ಕುದಿಯುವ ನೀರಿನಲ್ಲಿ ಎರಡು ನಿಮಿಷ ಹಾಕಿ ತೆಗೆದು, ತಣ್ಣೀರಿಗೆ ಹಾಕಿ, ಬಟ್ಟೆಯ ಮೇಲೆ ಪೂರ್ತಿ ಆರಿಸಿ, ಒಂದು ಹೊತ್ತಿಗೆ ಒಂದು ಕವರ್ ಅನ್ನುವ ಹಾಗೆ ಕಟ್ಟಿ ಫ್ರೀಜರಿನಲ್ಲಿಡುತ್ತೇನೆ. ಬೇಕಾದ ದಿನ ಕರಗಿಸುವುದೂ ಬೇಡ, ಹಾಗೆಯೇ ಕುಕ್ಕರಿಗೆ ಹಾಕಿ ಒಂದು ಕೂಗು. ಉಪ್ಪಿಟ್ಟಿಗೂ ಆಗುತ್ತದೆ, ರೊಟ್ಟಿಗೂ ಆಗುತ್ತದೆ, ಸೋಮವಾರದ ಕಾಳು ನೆನೆಹಾಕಲು ಮರೆತರೆ ಉಪ್ಪುಸಾರಿಗೂ ಆಗುತ್ತದೆ.