ಕಣ್ಣಿ ಕಿತ್ತ ದನವನ್ನು ಕೊಟ್ಟಿಗೆಗೆ ತರುವ ಬಗೆ

ನಾಲ್ಕೈದು ದನ, ಒಂದೆರಡು ಕರು ಇರುವ ಮಲೆನಾಡಿನ ಯಾವ ಮನೆಯಲ್ಲಾದರೂ ವರ್ಷಕ್ಕೆ ಕೆಲವು ಬಾರಿ ಯಾವುದೋ ಒಂದು ದನ ಕಣ್ಣಿ ಕಿತ್ತುಕೊಂಡೋ ಬೇಲಿ ಹಾರಿಯೋ ಹೊರಬೀಳುವುದು ಇದ್ದದ್ದೇ. ಮಲೆನಾಡು ಗಿಡ್ಡ ತಳಿಯದಾದರಂತೂ ಆಳು ಸಣ್ಣದಾದರೂ ಕಾಲು ಚುರುಕು. ಸೊಂಟದೆತ್ತರದ ಬೇಲಿಯನ್ನು ಅದು ಬೇಲಿಯೆಂದೇ ಪರಿಗಣಿಸುವುದಿಲ್ಲ. ಹೀಗೆ ಹೊರಬಿದ್ದ ದನ ತಾನಾಗಿ ದೂರ ಹೋಗುವುದು ಕಡಿಮೆ. ಅದನ್ನು ದೂರ ಮಾಡುವವರು ಸಾಮಾನ್ಯವಾಗಿ ಕೋಲು ಹಿಡಿದು ಹಿಂದೆ ಓಡುವ ನಾವೇ. ಆದ್ದರಿಂದ ಈ ಬರಹದಲ್ಲಿ ಹಿಡಿಯುವುದಕ್ಕಿಂತ ನಡೆಸಿ ತರುವ ವಿಷಯವನ್ನೇ ಹೆಚ್ಚಾಗಿ ಹೇಳಿದ್ದೇನೆ.

ಮನೆಯಿಂದ ಹೊರಡುವ ಮೊದಲು ಎರಡು ನಿಮಿಷ ನಿಲ್ಲಬೇಕು. ಕೊಟ್ಟಿಗೆಯಲ್ಲಿ ಉಳಿದಿರುವವು ಎಷ್ಟು, ಹೋದದ್ದು ಯಾವುದು ಎಂದು ಎಣಿಸಿ, ನಾಯಿಯನ್ನು ಕಟ್ಟಿಹಾಕಿ, ಅಡಿಕೆ ತೋಟದ ಕಡೆಯ ದಣಪೆಯನ್ನೂ ರಸ್ತೆಯ ಕಡೆಯ ಗೇಟನ್ನೂ ಮುಚ್ಚಬೇಕು. ಆದರೆ ದನ ಹೊರಗೆ ಹೋದ ಜಾಗವನ್ನು ಮಾತ್ರ ಮುಚ್ಚಬಾರದು. ಉಣಗೋಲಿನ (ಅಡ್ಡ ಗಳ ಸೇರಿಸಿದ ಗೇಟಿನ) ಗಳಗಳನ್ನೆಲ್ಲ ಎಳೆದು ಬದಿಗಿಟ್ಟು ದಾರಿಯನ್ನು ಪೂರ್ತಿ ತೆರೆದಿಡಬೇಕು, ಏಕೆಂದರೆ ಹೋದ ದಾರಿಯಲ್ಲೇ ಮರಳಿ ಬರುವುದು ದನಕ್ಕೆ ಸುಲಭ. ಜೊತೆಗೆ ಮೂರು ಜನ ಸಾಕು. ಊರಿನ ಹುಡುಗರೆಲ್ಲ ಬಂದರೆ ದನಕ್ಕೆ ಅದು ಬೇಟೆಯಾಗಿ ಕಾಣುತ್ತದೆ. ಒಂದು ಬಕೆಟ್ಟಿನಲ್ಲಿ ದಿನವೂ ಕೊಡುವ ಅಕ್ಕಚ್ಚೋ ಹಿಂಡಿಯೋ, ಜೇಬಿನಲ್ಲಿ ಒಂದು ಹಿಡಿ ಕಲ್ಲುಪ್ಪು, ಕಂಕುಳಲ್ಲಿ ಮಡಚಿದ ಹಗ್ಗ, ಇವಿಷ್ಟಿದ್ದರೆ ಸಾಮಗ್ರಿ ಮುಗಿಯಿತು. ಹಗ್ಗವನ್ನು ದನಕ್ಕೆ ಕಾಣುವಂತೆ ಹಿಡಿಯಬಾರದು.

ಎಲ್ಲಿ ಹುಡುಕಬೇಕೆಂಬುದು ದನ ಯಾಕೆ ಹೋಯಿತು ಎಂಬುದರ ಮೇಲಿದೆ. ಎಮ್ಮೆಯಾದರೆ ಮೊದಲು ಕೆರೆ, ಹಳ್ಳದ ಮಡುವನ್ನು ನೋಡಬೇಕು. ಬೆದೆಗೆ ಬಂದ ಮಣಕವಾದರೆ (ಇನ್ನೂ ಕರು ಹಾಕದ ಹಸು) ಹೋರಿ ಇರುವ ಮನೆಯ ಬ್ಯಾಣದಲ್ಲಿ, ಅಂದರೆ ಹುಲ್ಲುಗಾವಲಿನಲ್ಲಿ, ಸಿಗುತ್ತದೆ. ಹೊಸದಾಗಿ ಕೊಂಡು ತಂದದ್ದು ಹಳೆಯ ಮನೆಯ ದಿಕ್ಕು ಹಿಡಿಯುತ್ತದೆ. ದಿನ ತುಂಬಿದ ಹಸು ಮಾತ್ರ ಪೊದೆಯ ಮರೆಯಲ್ಲಿ ಸದ್ದಿಲ್ಲದೆ ಕರು ಹಾಕಿ ನಿಂತಿರುವುದುಂಟು. ಅದರ ಗಂಟೆಯ ಸದ್ದು ಕೇಳಿಸದಿದ್ದರೆ ಆಶ್ಚರ್ಯಪಡಬೇಕಿಲ್ಲ.

ಕಂಡ ಮೇಲೆ ಮಾಡುವ ಕೆಲಸವೇ ಮುಖ್ಯ. ದನದ ಕಣ್ಣುಗಳು ತಲೆಯ ಎರಡು ಬದಿಯಲ್ಲಿರುವುದರಿಂದ ಅದು ತಲೆ ತಿರುಗಿಸದೆಯೇ ಸುತ್ತಲಿನ ಬಹುಭಾಗವನ್ನು ನೋಡಬಲ್ಲದು, ಆದರೆ ಬಾಲದ ನೇರ ಹಿಂದಿನ ಜಾಗ ಅದಕ್ಕೆ ಕಾಣುವುದಿಲ್ಲ. ಅಲ್ಲಿಂದ ಬಂದವನನ್ನು ಅದು ಒದೆಯುತ್ತದೆ, ಇಲ್ಲವೇ ನಾಗಾಲೋಟ ಕೀಳುತ್ತದೆ. ಪ್ರತಿಯೊಂದು ದನದ ಸುತ್ತಲೂ ಕಣ್ಣಿಗೆ ಕಾಣದ ಒಂದು ಗೆರೆಯಿದೆ: ಆಚೆ ನಿಂತರೆ ಅದು ನಮ್ಮನ್ನು ನೋಡುತ್ತ ಮೇಯುತ್ತದೆ, ಈಚೆ ಕಾಲಿಟ್ಟ ಕೂಡಲೇ ಕದಲುತ್ತದೆ. ಕೈತಿನಿಸಿಗೆ ಒಗ್ಗಿದ ಹಸುವಿನಲ್ಲಿ ಆ ಗೆರೆ ಮೈಗೆ ತಾಗಿಯೇ ಇರುತ್ತದೆ, ಕಾಡು ಮೇದು ಬೆಳೆದದ್ದರಲ್ಲಿ ಹತ್ತಾರು ಮಾರು ದೂರವಿರುತ್ತದೆ. ಗೆರೆಯ ಅಂಚಿಗೆ ಓರೆಯಾಗಿ ನಡೆದುಹೋಗಿ ಅದರ ಹೆಗಲಿನಿಂದ ಸ್ವಲ್ಪ ಹಿಂದೆ ನಿಂತರೆ ದನ ಮುಂದಕ್ಕೆ ಹೆಜ್ಜೆ ಇಡುತ್ತದೆ. ಹೆಗಲಿಗಿಂತ ಮುಂದೆ ಹೋದರೆ ನಿಲ್ಲುತ್ತದೆ ಅಥವಾ ಹಿಂದಕ್ಕೆ ತಿರುಗುತ್ತದೆ. ದನಗಳ ನಡತೆಯನ್ನು ಅಭ್ಯಾಸ ಮಾಡಿದ ಅಮೆರಿಕದ ವಿಜ್ಞಾನಿ ಟೆಂಪಲ್ ಗ್ರಾಂಡಿನ್ ಇದನ್ನೇ ಚಿತ್ರ ಬರೆದು ವಿವರಿಸಿದ್ದಾರೆ; ನಮ್ಮ ದನ ಕಾಯುವ ಹುಡುಗರಿಗೆ ಚಿತ್ರವಿಲ್ಲದೆಯೇ ಗೊತ್ತಿರುವ ಸಂಗತಿ ಇದು. ದನ ಬೇಕಾದ ದಿಕ್ಕಿಗೆ ಎರಡು ಹೆಜ್ಜೆ ಇಟ್ಟ ತಕ್ಷಣ ನಾವು ನಿಂತುಬಿಡಬೇಕು. ಆ ನಿಲ್ಲುವಿಕೆಯೇ ಅದಕ್ಕೆ ಸಿಗುವ ಬಿಡುಗಡೆ, ಮತ್ತೆ ಮುಂದಿನ ಹೆಜ್ಜೆಗೆ ಅದು ಅಂಜುವುದಿಲ್ಲ.

ಇದನ್ನು ನಾನು ಕಲಿತದ್ದು ಭತ್ತ ಹಣ್ಣಾಗುತ್ತಿದ್ದ ಒಂದು ರಾತ್ರಿ. ನಮ್ಮ ಕೌಲಿ ಎಂಬ ಮಣಕ ಪಕ್ಕದವರ ಗದ್ದೆಗೆ ಇಳಿದಿತ್ತು. ನಾವು ನಾಲ್ವರು ಟಾರ್ಚು ಹಿಡಿದು ನಾಲ್ಕು ಕಡೆಯಿಂದ ನುಗ್ಗಿದೆವು. ಅದು ಗದ್ದೆಯನ್ನು ಎರಡು ಸುತ್ತು ತುಳಿದು ತೋಟದ ಬಸಿಗಾಲುವೆಯ ಅಂಚಿಗೆ ಹೋಗಿ ನಿಂತಿತು. ಗದ್ದೆಯ ಯಜಮಾನರು ಕಂಬಳಿ ಹೊದ್ದು ಬಂದವರು ಬೈಯಲಿಲ್ಲ. "ಬ್ಯಾಟ್ರಿ ಆರ್ಸಿ, ಎಲ್ಲಾ ಕೂತ್ಕಳಿ ಮಾರಾಯ್ರೆ" ಎಂದರು. ಕೂತೆವು. ಕಾಲು ಗಂಟೆಯಲ್ಲಿ ಅದರ ಉಸಿರಾಟದ ಸದ್ದು ಇಳಿಯಿತು. ಆಮೇಲೆ ಅಮ್ಮ ನಮ್ಮ ಹಿರಿಯ ಹಸು ಕೆಂಪಿಯನ್ನು ಹಗ್ಗ ಹಿಡಿದು ಅಂಚಿನ ಮೇಲೆ ನಡೆಸಿಕೊಂಡು ಬಂದು, ಅಲ್ಲೇ ಬೆನ್ನು ತಿರುಗಿಸಿ, ಮನೆಯ ಕಡೆ ಹೊರಟಳು. ಕೌಲಿ ಒಮ್ಮೆ ಅಂಬಾ ಎಂದು ಕೂಗಿ ಅದರ ಬಾಲದ ಹಿಂದೆ ಹೊರಟಿತು. ದನಕ್ಕೆ ಒಂಟಿತನ ಆಗದು. ಕೊಟ್ಟಿಗೆಯ ಹಿರಿಯ ಹಸು ಕರೆದಷ್ಟು ಚೆನ್ನಾಗಿ ನಾವು ಕರೆಯಲಾರೆವು.

ರಾತ್ರಿಯಲ್ಲಿ ಟಾರ್ಚು ಹುಡುಕುವುದಕ್ಕೆ ಮಾತ್ರ. ಬೆಳಕು ತಾಗಿದಾಗ ದನದ ಕಣ್ಣು ಹೊಳೆಯುವುದರಿಂದ ಪತ್ತೆ ಸುಲಭ, ಆದರೆ ಪತ್ತೆಯಾದ ಮೇಲೆ ಬೆಳಕನ್ನು ನೆಲಕ್ಕೆ ಇಳಿಸಬೇಕು. ಕೊಟ್ಟಿಗೆಯೊಳಗೆ ಬಲ್ಬು ಹಾಕಿಟ್ಟಿರಬೇಕು. ಬೆಳಕಿನಿಂದ ಕತ್ತಲೆಗೆ ನುಗ್ಗಲು ದನ ಹಿಂಜರಿಯುತ್ತದೆ, ಬಾಗಿಲವರೆಗೆ ಬಂದು ತಿರುಗಿ ಓಡುವುದಕ್ಕೆ ಹೆಚ್ಚಿನ ಸಲ ಇದೇ ಕಾರಣ.

ದನ ಡಾಂಬರು ರಸ್ತೆಗೆ ಹೋಗಿದ್ದರೆ ಮೊದಲ ಇಬ್ಬರು ಎರಡೂ ಕಡೆಯ ವಾಹನಗಳನ್ನು ನಿಲ್ಲಿಸಲಿ, ಹೆಡ್‌ಲೈಟು ಆರಿಸಲು ಹೇಳಲಿ, ಹಾರ್ನು ಹೊಡೆಯದಂತೆ ನೋಡಿಕೊಳ್ಳಲಿ. ಬಸಿಗಾಲುವೆಯಲ್ಲಿ ಬಿದ್ದಿದ್ದರೆ ಕತ್ತಿಗೆ ಹಗ್ಗ ಹಾಕಿ ಎಳೆದು ಉಸಿರು ಕಟ್ಟಿಸಬಾರದು. ಒಂದು ಕಡೆಯ ದಂಡೆಯನ್ನು ಕಡಿದು ಇಳಿಜಾರು ಮಾಡಿ, ಮುಂಗಾಲುಗಳ ಹಿಂದೆ ಎದೆಯನ್ನು ಸುತ್ತುವಂತೆ ಗೋಣಿತಾಟು ಹಾಕಿ ಎಳೆಯಬೇಕು. ಹಗ್ಗವನ್ನು ಎಂದೂ ಕೈಗೆ ಸುತ್ತಿಕೊಳ್ಳಬಾರದು. ಹೋರಿಯೋ ಎಳೆಗರುವಿನ ತಾಯಿಯೋ ತಲೆ ತಗ್ಗಿಸಿ, ಮೈಯನ್ನು ಅಡ್ಡಲಾಗಿ ತೋರಿಸಿ, ಬುಸುಗುಡುತ್ತ ಕಾಲಿನಲ್ಲಿ ನೆಲ ಕೆರೆದರೆ ಬೆನ್ನು ಹಾಕದೆ ನಿಧಾನವಾಗಿ ಹಿಂದೆ ಸರಿಯುವುದೊಂದೇ ದಾರಿ.

ಬೇಸಗೆಯಲ್ಲಿ ಕಾಡಿನೊಳಗೆ ಹುಡುಕುವವರಿಗೆ ಇನ್ನೊಂದು ಎಚ್ಚರಿಕೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಉಣುಗುಗಳಿಂದ ಹರಡುತ್ತದೆ, ಮತ್ತು ಡಿಸೆಂಬರಿನಿಂದ ಮೇ ತನಕ ಅದರ ಕಾಲ. ತುಂಬು ತೋಳಿನ ಅಂಗಿ, ಕಾಲುಚೀಲದೊಳಗೆ ಸೇರಿಸಿದ ಪ್ಯಾಂಟು, ಮೈಗೆ ಉಣುಗು ನಿವಾರಕ ಎಣ್ಣೆ ಇಲ್ಲದೆ ದರಕಿನ (ಉದುರಿದ ಒಣ ಎಲೆಗಳ) ಮೇಲೆ ಕೂರಬಾರದು. ಮನೆಗೆ ಬಂದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ ಬಟ್ಟೆಯನ್ನು ಬೇರೆಯಾಗಿ ತೊಳೆಯಬೇಕು.

ದನ ಗೂಟಕ್ಕೆ ಬಂದ ಮೇಲೂ ಕೆಲಸ ಮುಗಿದಿರುವುದಿಲ್ಲ. ಕಣದಲ್ಲಿದ್ದ ಭತ್ತವನ್ನೋ ಮಳೆಗಾಲದ ಆರಂಭದಲ್ಲಿ ಉದುರಿದ ಹಲಸಿನ ಹಣ್ಣನ್ನೋ ಮಿತಿ ಮೀರಿ ತಿಂದಿದ್ದರೆ ಹೊಟ್ಟೆಯಲ್ಲಿ ಹುಳಿ ಹೆಚ್ಚಾಗಿ ಕೆಲವೇ ಗಂಟೆಗಳಲ್ಲಿ ಪ್ರಾಣಕ್ಕೆ ಬರಬಹುದು. ಎಡ ಹೊಟ್ಟೆ ಉಬ್ಬಿದೆಯೇ, ಮೆಲುಕು ಹಾಕುತ್ತಿದೆಯೇ ಎಂದು ಆ ರಾತ್ರಿ ಎರಡು ಸಲವಾದರೂ ಎದ್ದು ನೋಡಬೇಕು. ಮೆಲುಕು ನಿಂತಿದ್ದರೆ ಪಶುವೈದ್ಯರನ್ನು ಕರೆಸಬೇಕು, ಅಥವಾ ಪಶು ಆಂಬುಲೆನ್ಸಿನ 1962 ಸಂಖ್ಯೆಗೆ ಫೋನು ಮಾಡಬೇಕು. ಮಲಗಿದ ದನಕ್ಕೆ ನಾಲಗೆ ಹಿಡಿದೆಳೆದು ಬಿದಿರಿನ ಗೊಟ್ಟದಲ್ಲಿ ಎಣ್ಣೆ ಹುಯ್ಯುವ ಸಾಹಸ ಬೇಡ, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ದನ ಸಿಗದೇ ಹೋದರೆ ಕಿವಿಯ ಹಳದಿ ಬಿಲ್ಲೆಯಲ್ಲಿರುವ 12 ಅಂಕಿಗಳು ಉಪಯೋಗಕ್ಕೆ ಬರುತ್ತವೆ. ಅವನ್ನು ಮೊದಲೇ ಬರೆದಿಟ್ಟುಕೊಂಡಿರಬೇಕು.

ಬೆಳೆ ಮೇಯ್ದಿದ್ದರೆ ಗದ್ದೆಯವರು ನೋಡಿ ಹೇಳುವ ಮೊದಲೇ ನಾವೇ ಹೋಗಿ ಹೇಳುವುದು ಲೇಸು. ದನವನ್ನು ದೊಡ್ಡಿಗೆ (ಬೆಳೆ ಮೇಯ್ದ ದನಗಳನ್ನು ಕೂಡಿಹಾಕುವ ಜಾಗಕ್ಕೆ) ಹೊಡೆಯುವ ಹಕ್ಕು ಅವರಿಗಿದೆ, ಅದಕ್ಕೆ ಕರ್ನಾಟಕದಲ್ಲಿ 1966ರ ಜಾನುವಾರು ಅತಿಕ್ರಮಣ ಕಾಯ್ದೆಯೂ ಇದೆ; ಆದರೆ ಬೆಳಗಿನ ಕಾಫಿಗೆ ಮುಂಚೆ ಅಂಗಳದಲ್ಲಿ ನಿಂತು ನಷ್ಟ ಎಷ್ಟೆಂದು ಕೇಳಿದವರ ದನವನ್ನು ದೊಡ್ಡಿಗೆ ಹೊಡೆದದ್ದನ್ನು ನಾನಂತೂ ಕಂಡಿಲ್ಲ.

ಕಡೆಗೆ ಹೋದದ್ದು ಹೇಗೆಂದು ನೋಡಬೇಕು. ಕಣ್ಣಿಯ ತುದಿ ನುಣ್ಣಗೆ ಸವೆದು ಹರಿದಿದ್ದರೆ ಹಗ್ಗ ಬದಲಿಸಬೇಕು, ಗಂಟು ಬಿಚ್ಚಿದ್ದರೆ ಗಂಟು ಹಾಕಿದವರನ್ನು ಬದಲಿಸಬೇಕು. ಹಗ್ಗವೂ ಗಂಟೂ ಸರಿಯಿದ್ದು ಗೂಟವೇ ಕಿತ್ತು ಬಂದಿದ್ದರೆ ಅದು ಬೆದೆಯ ಲಕ್ಷಣವೆಂದು ತಿಳಿದು, ಕೊಟ್ಟಿಗೆಯ ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಒಂದು ಸುತ್ತು ಹಾಕಿ, ಅಲ್ಲಿಂದ 21 ದಿನ ಎಣಿಸಿ ಮತ್ತೊಂದು ಸುತ್ತು ಹಾಕಬೇಕು. ಎರಡನೆಯ ಸುತ್ತಿನ ಹಿಂದುಮುಂದಿನ ಒಂದೆರಡು ರಾತ್ರಿ ಆ ದನಕ್ಕೆ ಜೋಡಿ ಕಣ್ಣಿ ಹಾಕಿ ಕಟ್ಟಬೇಕು.