12 ನಿಮಿಷದ ಲೆಕ್ಕ

ನಾನು ಡಾಕ್ಟರ್ ಅಲ್ಲ, ಆಂಬುಲೆನ್ಸ್ ಓಡಿಸಿದವನೂ ಅಲ್ಲ. ದಕ್ಷಿಣ ಕ್ಯಾಲಿಫೋರ್ನಿಯಾದ ಒಂದು ನಗರಸಭೆಯಲ್ಲಿ ಲೆಕ್ಕ ನೋಡುವವನು. ಅಗ್ನಿಶಾಮಕ ಇಲಾಖೆಯ ಮೂಲೆಯಲ್ಲೊಂದು ಮೇಜು, ಎರಡು ಕಂಪ್ಯೂಟರ್. ನಗರಕ್ಕೆ ಆಂಬುಲೆನ್ಸ್ ಒದಗಿಸುವ ಖಾಸಗಿ ಕಂಪನಿ ಒಪ್ಪಂದದ ಪ್ರಕಾರ ನಡೆದುಕೊಂಡಿದೆಯಾ ಅಂತ ತಿಂಗಳಿಗೊಮ್ಮೆ ವರದಿ ಕೊಡುವುದು ನನ್ನ ಕೆಲಸ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಊರಿಗೆ ಫೋನ್ ಮಾಡಿ ಇದನ್ನೆಲ್ಲ ಅಮ್ಮನಿಗೆ ಹೇಳಿದ್ದೆ. ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಆಂಬುಲೆನ್ಸಿಗೂ ಬಿಲ್ ಹಾಕ್ತಾರೇನೋ?" ನಮ್ಮಲ್ಲಿ 2008ರ ನವೆಂಬರ್‌ನಿಂದ 108 ಇದೆ. ಫೋನ್ ಮಾಡಿದರೆ ಬರುತ್ತದೆ, ದುಡ್ಡು ಕೊಡುವ ಮಾತಿಲ್ಲ, ಖರ್ಚು ಸರ್ಕಾರದ್ದು. ಇಲ್ಲಿ ಹಾಗಲ್ಲ. ನಮ್ಮ ನಗರಸಭೆ ಕಂಪನಿಗೆ ಒಂದು ಡಾಲರ್ ಕೂಡ ಕೊಡುವುದಿಲ್ಲ. ತಿರುಗಿ ಕಂಪನಿಯೇ ನಗರಕ್ಕೆ ಶುಲ್ಕ ಕಟ್ಟುತ್ತದೆ! ಆಸ್ಪತ್ರೆಗೆ ಸಾಗಿಸಿದ ಪ್ರತಿ ರೋಗಿಗೂ ಬಿಲ್ ಹಾಕಿ ಅದನ್ನು ವಸೂಲು ಮಾಡಿಕೊಳ್ಳುತ್ತದೆ. ಒಳ್ಳೆ ಇನ್ಶೂರೆನ್ಸ್ ಇದ್ದವರ ಬಿಲ್ಲಿನಲ್ಲಿ ಲಾಭ. ಬಡವರಿಗಿರುವ ಸರ್ಕಾರಿ ಇನ್ಶೂರೆನ್ಸ್ ಮೆಡಿ-ಕ್ಯಾಲ್ ಕೊಡುವುದು ತೀರಾ ಕಡಿಮೆ. ಹಾಗಾಗಿ ಟೆಂಡರ್ ಹಾಕುವ ಕಂಪನಿ ಮೊದಲು ಕೇಳುವುದು ಊರಿನಲ್ಲಿ ಎಷ್ಟು ರಸ್ತೆ ಇವೆ ಅಂತಲ್ಲ, ಯಾರ ಹತ್ತಿರ ಯಾವ ಇನ್ಶೂರೆನ್ಸ್ ಇದೆ ಅಂತ. ರೋಗಿಗೆ ಅನಿರೀಕ್ಷಿತವಾಗಿ ದೊಡ್ಡ ಬಿಲ್ ಬರಬಾರದು ಅಂತ 2022ರಿಂದ ಜಾರಿಗೆ ಬಂದ ಫೆಡರಲ್ ಕಾಯ್ದೆಯಲ್ಲಿ ಹೆಲಿಕಾಪ್ಟರ್ ಆಂಬುಲೆನ್ಸ್ ಸೇರಿದೆ, ರಸ್ತೆ ಮೇಲೆ ಓಡುವುದು ಸೇರಿಲ್ಲ. ಯಾರಿಗೆ ಹೇಳೋಣ!

ಇನ್ನು ನನ್ನ ಲೆಕ್ಕ. ನಮ್ಮ ಒಪ್ಪಂದದಲ್ಲಿ ಜೀವಕ್ಕೆ ಅಪಾಯ ಇರುವ ಕರೆಗಳಲ್ಲಿ ನೂರಕ್ಕೆ 90ಕ್ಕೆ 12 ನಿಮಿಷದೊಳಗೆ ಆಂಬುಲೆನ್ಸ್ ತಲುಪಬೇಕು. ಅಗ್ನಿಶಾಮಕದವರು ಅದಕ್ಕೂ ಮೊದಲೇ ಹೋಗಿರುತ್ತಾರೆ, ಅದಕ್ಕೇ 12. ಅಮೆರಿಕದ ಎಷ್ಟೋ ಒಪ್ಪಂದಗಳಲ್ಲಿ 8 ನಿಮಿಷ 59 ಸೆಕೆಂಡ್ ಅಂತ ಇರುತ್ತದೆ. ಆ ಎಂಟು ನಿಮಿಷದ ಬೇರು 1970ರ ದಶಕದ ಸಿಯಾಟಲ್ ಕಡೆಯ ಅಧ್ಯಯನಗಳಲ್ಲಿದೆ. ಅವರು ನೋಡಿದ್ದು ಹೃದಯ ನಿಂತೇ ಹೋದವರನ್ನು ಮಾತ್ರ. ಆದರೆ ಸೊಂಟ ಮುರಿದುಕೊಂಡ ಅಜ್ಜಿಯ ಕರೆಗೂ ಅದೇ ಗಡಿಯಾರ ಹಿಡಿದುಕೊಂಡು ಕೂತಿದ್ದೇವೆ.

ಸರಾಸರಿ ಬೇಡ, ನೂರಕ್ಕೆ 90 ಬೇಕು ಅನ್ನುವುದಕ್ಕೆ ಕಾರಣ ಇದೆ. ಒಂಬತ್ತು ಕರೆಗೆ 5 ನಿಮಿಷ, ಹತ್ತನೆಯದಕ್ಕೆ 40 ನಿಮಿಷ ಆಯಿತು ಅಂದುಕೊಳ್ಳಿ. ಸರಾಸರಿ ಎಂಟೂವರೆ ನಿಮಿಷ. ಕಾಗದದ ಮೇಲೆ ಚೆಂದ, ಹತ್ತನೆಯವನು ಸತ್ತಿರುತ್ತಾನೆ.

ಮೊದಲ ಒಂದು ವರ್ಷ ಕಂಪನಿ ಕಳಿಸಿದ ಸಂಖ್ಯೆಯನ್ನೇ ನಂಬಿಕೊಂಡಿದ್ದೆ. ಪ್ರತಿ ತಿಂಗಳೂ 91, 92. ದಂಡದ ಪ್ರಶ್ನೆಯೇ ಬರಲಿಲ್ಲ. ಒಂದು ಮಧ್ಯಾಹ್ನ ಸುಮ್ನೆ ಕೂತವನು, ಎಷ್ಟು ಸೆಕೆಂಡಿಗೆ ಎಷ್ಟು ಗಾಡಿ ತಲುಪಿವೆ ಅಂತ ಒಂದು ಗ್ರಾಫ್ ಹಾಕಿದೆ. 6 ನಿಮಿಷದ ಸುತ್ತ ಗುಡ್ಡ, ಆಮೇಲೆ ಇಳಿಜಾರು. ಸರಿಯಾಗೇ ಇದೆ. ಆದರೆ 11 ನಿಮಿಷ 40 ಸೆಕೆಂಡಿನ ಹತ್ತಿರ ಇನ್ನೊಂದು ಗುಡ್ಡ ಎದ್ದಿತ್ತು. 12 ದಾಟಿದ ಮೇಲೆ ಹಳ್ಳ. ಟ್ರಾಫಿಕ್‌ಗೆ ಒಪ್ಪಂದ ಓದಲು ಬರುವುದಿಲ್ಲ, ಅಲ್ವಾ? ಅದು ಹೀಗೆ ಏಳುವುದಿಲ್ಲ, ಬೀಳುವುದಿಲ್ಲ.

ಗಾಡಿ ತಲುಪಿದಾಗ ಸಿಬ್ಬಂದಿ ಒಂದು ಬಟನ್ ಒತ್ತುತ್ತಾರೆ. ಆ ಸಮಯವೇ ನಮಗೆ ಬರುವುದು. ಜಿಪಿಎಸ್ ದಾಖಲೆ ಬೇರೆ ಕಡೆ ಇರುತ್ತದೆ, ಅದನ್ನು ಕೇಳಿ ಪಡೆಯಲು ನಾಲ್ಕು ತಿಂಗಳು, ಎರಡು ವಕೀಲರ ಪತ್ರ ಬೇಕಾಯಿತು. ಎರಡನ್ನೂ ಅಕ್ಕಪಕ್ಕ ಇಟ್ಟೆ. ಬಟನ್ ಒತ್ತಿದಾಗ ಎಷ್ಟೋ ಗಾಡಿಗಳು ಇನ್ನೂ ಎರಡು ಬೀದಿ ಆಚೆ ಓಡುತ್ತಿದ್ದವು.

ಎಲ್ಲವೂ ಮೋಸ ಅಂತ ನಾನು ಹೇಳುವುದಿಲ್ಲ. ಒಂದು ರಾತ್ರಿ ಪಾಳಿಯಲ್ಲಿ ಅವರ ಜೊತೆ ಗಾಡಿಯಲ್ಲಿ ಹೋದೆ. ಇವರಿಗೆ ಠಾಣೆ ಅಂತ ಇಲ್ಲ. ಕಂಪ್ಯೂಟರ್ ಹೇಳಿದ ಕಡೆ ಹೋಗಿ, ಯಾವುದೋ ಪೆಟ್ರೋಲ್ ಬಂಕಿನ ಪಕ್ಕ ಗಾಡಿ ನಿಲ್ಲಿಸಿಕೊಂಡು ಕಾಯಬೇಕು. ಇನ್ನೊಂದು ಗಾಡಿ ಕರೆಗೆ ಹೋದರೆ ಇದು ಜಾಗ ಬದಲಿಸಬೇಕು. 12 ಗಂಟೆ ಸೀಟಿನಲ್ಲೇ. ಗಾಡಿ ಕಡಿಮೆ ಇದ್ದರೂ ನಡೆಯಲಿ ಅಂತ ಮಾಡಿದ ಏರ್ಪಾಡು ಇದು, ಅದರ ಭಾರ ಬೀಳುವುದು ಇವರ ಬೆನ್ನಿನ ಮೇಲೆ. ಬಟನ್ ಬಗ್ಗೆ ಪ್ಯಾರಾಮೆಡಿಕ್ ಹುಡುಗಿಯನ್ನು ಕೇಳಿದೆ. "ಬೀದಿಗೆ ತಿರುಗಿದ ಕೂಡಲೇ ಒತ್ತುತ್ತೇನೆ. ಇಳಿಯುವಾಗ ಎರಡು ಕೈಯಲ್ಲೂ ಸಾಮಾನು ಇರುತ್ತದೆ" ಅಂದಳು. ಅದು ನಿಜವೇ. ಆದರೆ ಕೈಯಲ್ಲಿ ಸಾಮಾನು ಎಲ್ಲ ಕರೆಗೂ ಇರುತ್ತದೆ. ಗುಡ್ಡ ಎದ್ದಿದ್ದು 12ರ ಅಂಚಿನಲ್ಲಿ ಮಾತ್ರ.

ಅದೇ ರಾತ್ರಿ ಆಸ್ಪತ್ರೆಯ ಕಾರಿಡಾರಿನಲ್ಲಿ ಗೋಡೆಗೆ ಒರಗಿ ಒಂದೂವರೆ ಗಂಟೆ ನಿಂತಿದ್ದೆವು. ಹಾಸಿಗೆ ಖಾಲಿ ಇಲ್ಲ, ರೋಗಿ ನಮ್ಮ ಸ್ಟ್ರೆಚರ್ ಮೇಲೆಯೇ. ಸಿಬ್ಬಂದಿ ಇದಕ್ಕೆ 'ವಾಲ್ ಟೈಮ್' ಅನ್ನುತ್ತಾರೆ. 2023ರ ರಾಜ್ಯ ಕಾಯ್ದೆಯೊಂದು ಇದಕ್ಕೆ 30 ನಿಮಿಷದ ಮಿತಿ ಹಾಕಿತು. ಕಂಪನಿ ತಡವಾದ ಕರೆಗಳಿಗೆ ವಿನಾಯಿತಿ ಕೇಳುವಾಗ ಇದನ್ನೇ ಜಾಸ್ತಿ ಹೇಳುತ್ತಿತ್ತು. ನಾನು ಮುಂಚೆ ನಂಬುತ್ತಿರಲಿಲ್ಲ. ಆ ರಾತ್ರಿಯ ನಂತರ ಅಂಥ ಅರ್ಜಿಗಳನ್ನು ಎರಡು ಸಲ ಓದಲು ಶುರು ಮಾಡಿದೆ.

ಒಪ್ಪಂದ ಮುಗಿದು ಹೊಸ ಟೆಂಡರ್ ಕರೆಯುವ ಹೊತ್ತಿಗೆ ಸ್ಯಾನ್ ಡಿಯೇಗೊದ ಉದಾಹರಣೆ ಎಲ್ಲರ ಬಾಯಲ್ಲೂ ಇತ್ತು. ಅಲ್ಲಿ 2021ರ ನವೆಂಬರ್‌ನಲ್ಲಿ ಹೊಸ ಕಂಪನಿ ಬಂತು. 2023ರಲ್ಲಿ ನಗರ ಏರ್ಪಾಡನ್ನೇ ಬದಲಿಸಿತು: ಬಿಲ್ ಮಾಡುವುದು, ಗಾಡಿ ಎಲ್ಲಿ ನಿಲ್ಲಬೇಕು ಅಂತ ಹೇಳುವುದು ನಗರದ ಕೈಗೆ, ಗಾಡಿ ಮತ್ತು ಜನ ಮಾತ್ರ ಕಂಪನಿಯದು. ನಮ್ಮ ಊರಿಗೆ ಅಷ್ಟು ತಾಕತ್ತಿಲ್ಲ. ಬಿಲ್ ವಸೂಲಾಗದಿದ್ದರೆ ನಷ್ಟ ನಗರದ ಮೈಮೇಲೆ ಬರುತ್ತದೆ ಅಂತ ಹಣಕಾಸು ವಿಭಾಗದವರು ಕೈ ಮುಗಿದರು.

ಹಾಗಾಗಿ ನಾನು ಮೂರು ಸಾಲಿಗಷ್ಟೇ ಹಟ ಹಿಡಿದೆ. ಗಾಡಿ ವಿಳಾಸದ ಹತ್ತಿರ ನಿಂತ ಕ್ಷಣವನ್ನು ಜಿಪಿಎಸ್‌ನಿಂದಲೇ ತೆಗೆದುಕೊಳ್ಳಬೇಕು. ಗಡಿಯಾರ ಶುರುವಾಗುವುದು ಕರೆ ಆಂಬುಲೆನ್ಸ್ ವಿಭಾಗಕ್ಕೆ ಬಂದಾಗ, ಗಾಡಿಗೆ ಹಂಚಿದಾಗ ಅಲ್ಲ. ಗಾಡಿಯೇ ಖಾಲಿ ಇಲ್ಲದಿದ್ದರೆ ಹಂಚುವುದೇ ಐದು ನಿಮಿಷ ತಡವಾಗುತ್ತದೆ, ಅದು ಯಾವ ಲೆಕ್ಕಕ್ಕೂ ಬರುತ್ತಿರಲಿಲ್ಲ. ಮೂರನೆಯದಕ್ಕೆ ಜಗಳ ಜಾಸ್ತಿಯಾಯಿತು: ನೂರಕ್ಕೆ 90 ಅನ್ನುವುದನ್ನು ಇಡೀ ಊರಿಗೆ ಅಲ್ಲ, ನಾಲ್ಕು ವಲಯಕ್ಕೂ ಬೇರೆ ಬೇರೆ ನೋಡಬೇಕು. ತಡವಾದ ಪ್ರತಿ ಹತ್ತು ಕರೆಗಳಲ್ಲಿ ಏಳು ರೈಲು ಹಳಿಯಾಚೆಯ ಒಂದೇ ವಲಯದವು. ಮೆಡಿ-ಕ್ಯಾಲ್ ಜನ ಜಾಸ್ತಿ ಇರುವ ವಲಯ ಅದು.

ಹೊಸ ಒಪ್ಪಂದದ ಮೊದಲ ತಿಂಗಳು ಸಂಖ್ಯೆ 83ಕ್ಕೆ ಬಿತ್ತು. ಕೌನ್ಸಿಲ್ ಸಭೆಯಲ್ಲಿ ಒಬ್ಬರು ಸದಸ್ಯೆ ನನ್ನನ್ನೇ ನಿಲ್ಲಿಸಿ, ನೀವು ಒಪ್ಪಂದ ಬದಲಿಸಿದ ಮೇಲೆ ಸೇವೆ ಯಾಕೆ ಹಾಳಾಯಿತು ಅಂತ ಕೇಳಿದರು. ಸೇವೆ ಹೋದ ತಿಂಗಳಿನಂತೆಯೇ ಇದೆ ಮೇಡಂ, ಹೋದ ತಿಂಗಳ ಸಂಖ್ಯೆ ತಪ್ಪಿತ್ತು ಅಂದೆ. ಅವರಿಗೆ ಸಮಾಧಾನ ಆಗಲಿಲ್ಲ.

ಐದನೆಯ ತಿಂಗಳಿಗೆ ಹಳಿಯಾಚೆಯ ಪೆಟ್ರೋಲ್ ಬಂಕಿನ ಪಕ್ಕ ರಾತ್ರಿ ಹೊತ್ತು ಒಂದು ಗಾಡಿ ನಿಲ್ಲತೊಡಗಿತು. ದಂಡಕ್ಕಿಂತ ಗಾಡಿ ಅಗ್ಗ ಅಂತ ಕಂಪನಿಯವರೂ ಲೆಕ್ಕ ಹಾಕಿರಬೇಕು.